ಹತ್ತು ವರ್ಷದ ವಿಳಾಸಗಳು

ಗುಣಪಾಲ ತುಂಬಿಸಿ ಕೊಟ್ಟಿದ್ದ ಅರ್ಜಿ ಹನ್ನೆರಡು ದಿನದಿಂದ ಸಹಿಯಿಲ್ಲದೆ ಶರಣಮ್ಮನ ಬ್ಯಾಗಿನಲ್ಲೇ ಉಳಿದಿತ್ತು.

ಎರಡು ಸಾವಿರದ ಮೂರನೆಯ ಇಸವಿಯ ನವೆಂಬರ್ ತಿಂಗಳು. ಶರಣಮ್ಮನಿಗೆ ಆಗ ಇಪ್ಪತ್ತೇಳು ವರ್ಷ. ಉಡುಪಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನರ್ಸ್. ಅವಳ ಅಪ್ಪ ಮಲಕಪ್ಪ ಹುನಗುಂದದ ಕಡೆಯವನು, ಗೋಡೆ ಕಟ್ಟುವ ಗೌಂಡಿ. ಮಗಳಿಗೆ ಒಂಬತ್ತು ವರ್ಷವಿದ್ದಾಗ ಹೆಂಡತಿ ಭಾಗವ್ವನನ್ನೂ ಅವಳನ್ನೂ ಕರೆದುಕೊಂಡು ಮಣಿಪಾಲಕ್ಕೆ ಬಂದವನು. ಕಟ್ಟಡ ಏಳುವ ಕಡೆ ಅದರ ಹಿಂದೆಯೇ ತಗಡಿನ ಶೆಡ್ಡು ಹಾಕಿಕೊಂಡು ಇರುವುದು, ಕಟ್ಟಡ ಮುಗಿದರೆ ಶೆಡ್ಡು ಬಿಚ್ಚಿ ಮುಂದಿನ ಕಡೆಗೆ ಹೋಗುವುದು. ಹೀಗೆ ಜಾಗ ಬದಲಿಸುತ್ತಲೇ ಶರಣಮ್ಮ ಎಸ್ಸೆಸ್ಸೆಲ್ಸಿ ಮುಗಿಸಿದಳು, ಪಿಯುಸಿ ಮುಗಿಸಿದಳು, ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಮಾಡಿದಳು. ಈಗ ಎರಡು ವರ್ಷದಿಂದ ಮೂವರೂ ಅಂಬಲಪಾಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು.

ಕೆನಡಾದ ಯೋಚನೆ ಅವಳದೇ. ಅವಳ ಜೊತೆಯವರು ಕೆಲವರು ಗಲ್ಫಿಗೆ ಹೋಗಿದ್ದರು. ಒಪ್ಪಂದ ಮುಗಿದೊಡನೆ ಗಂಟುಮೂಟೆ ಕಟ್ಟಿಕೊಂಡು ವಾಪಸು ಬರುತ್ತಿದ್ದರು. ಗಂಟು ಕಟ್ಟುವುದು ಶರಣಮ್ಮನಿಗೆ ಬಾಲ್ಯದಲ್ಲೇ ಸಾಕಾಗಿತ್ತು. ಹೋದರೆ ಉಳಿಯಲು ಬಿಡುವ ದೇಶಕ್ಕೇ ಹೋಗಬೇಕು ಎಂದು ತೀರ್ಮಾನಿಸಿದ್ದಳು. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಕಾರ್ಕಳದ ವೀಸಾ ಏಜೆಂಟ್ ಗುಣಪಾಲನ ಕಚೇರಿಗೆ ಹೋದಳು. ಅವನು ಚುರುಕಿನ ಮನುಷ್ಯ, ಒಂದೇ ವಾರದಲ್ಲಿ ಅರ್ಜಿ ಸಿದ್ಧ ಮಾಡಿದ್ದ. ತೊಂದರೆ ಇದ್ದದ್ದು ಒಂದೇ ಪುಟದಲ್ಲಿ. ಕಳೆದ ಹತ್ತು ವರ್ಷಗಳಲ್ಲಿ ಎಲ್ಲೆಲ್ಲಿ ವಾಸವಾಗಿದ್ದಿರಿ, ಒಂದು ತಿಂಗಳೂ ಬಿಡದೆ ಬರೆಯಿರಿ ಎಂದು ಕೇಳುವ ಪುಟ.

"ಶೆಡ್ಡು ಗಿಡ್ಡು ಅಂತೆಲ್ಲ ಅವರಿಗೆ ಅರ್ಥ ಆಗುವುದಿಲ್ಲ ಮೇಡಂ," ಎಂದಿದ್ದ ಗುಣಪಾಲ. "ನಮ್ಮ ಭಾವನ ಮನೆ ಇಲ್ಲೇ ಕಾರ್ಕಳದಲ್ಲಿ ಉಂಟು. ಹತ್ತು ವರ್ಷವೂ ಅಲ್ಲೇ ಬಾಡಿಗೆಗೆ ಇದ್ದದ್ದು ಅಂತ ಹಾಕಿದ್ದೇನೆ. ನೋಡ್ಲಿಕ್ಕೆ ಕ್ಲೀನಾಗಿ ಕಾಣ್ತದೆ."

ಆ ಕ್ಷಣ ಶರಣಮ್ಮನಿಗೆ ಅದು ಇಷ್ಟವೇ ಆಗಿತ್ತು. ನರ್ಸಿಂಗ್ ಶಾಲೆಯ ಹಾಸ್ಟೆಲಿನಲ್ಲಿ ಯಾರಾದರೂ ಮನೆ ಎಲ್ಲಿ ಎಂದರೆ "ಈಶ್ವರನಗರ" ಎಂದು ಮಣಿಪಾಲದ ಬಡಾವಣೆಯ ಹೆಸರಷ್ಟೇ ಹೇಳಿ ಮಾತು ಬದಲಿಸುತ್ತಿದ್ದವಳು ಅವಳು. ಆದರೆ ಪೆನ್ನು ಹಿಡಿದಾಗಲೆಲ್ಲ ಕೈ ನಿಲ್ಲುತ್ತಿತ್ತು. ಕೊನೆಗೆ ಹಿರಿಯ ನರ್ಸ್ ಮ್ಯಾಗ್ಡಲಿನ್‌ಗೆ ಹೇಳಿದಳು.

"ಸಹಿ ಹಾಕಬೇಡ," ಎಂದಳು ಮ್ಯಾಗ್ಡಲಿನ್. "ಮೊದಲು ಐರಿನ್ ಬಾಯಿಗೆ ತೋರಿಸು."

ಐರಿನ್ ಬಾಯಿ ಶಂಕರಪುರದವರು; 'ಬಾಯಿ' ಎಂದರೆ ಅಲ್ಲಿಯ ಕ್ರೈಸ್ತರಲ್ಲಿ ಅಕ್ಕ ಎಂದ ಹಾಗೆ. ಟೊರೊಂಟೊದಲ್ಲಿ ವಲಸೆ ವಕೀಲರೊಬ್ಬರ ಬಳಿ ಹದಿನಾಲ್ಕು ವರ್ಷ ಕೆಲಸ ಮಾಡಿ ಊರಿಗೆ ಮರಳಿದ್ದರು. ಉಡುಪಿಯ ಕೋರ್ಟ್ ರಸ್ತೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಅವರ ಕಚೇರಿ. ಗೋಡೆಯಲ್ಲಿ ಹಿಮದ ಚಿತ್ರವಾಗಲಿ ಕೆಂಪು ಎಲೆಯ ಬಾವುಟವಾಗಲಿ ಇರಲಿಲ್ಲ. ಒಂದು ಕ್ಯಾಲೆಂಡರ್, ಒಂದು ಗಡಿಯಾರ, ಎರಡು ಕುರ್ಚಿ. ಐರಿನ್ ಬಾಯಿ ಅರ್ಜಿಯನ್ನು ಮೊದಲಿಂದ ಓದುತ್ತ ಹೋದರು. ಆ ಪುಟಕ್ಕೆ ಬಂದಾಗ ಕನ್ನಡಕ ತೆಗೆದರು.

"ಇದು ಯಾರ ಮನೆ?"

ಶರಣಮ್ಮ ಹೇಳಿದಳು.

"ನೀವು ಐಸಿಯುನಲ್ಲಿ ಕೆಲಸ ಮಾಡುವುದಲ್ವಾ? ನೋಡದ ಬಿಪಿಯನ್ನು ಚಾರ್ಟಿನಲ್ಲಿ ಬರೀತೀರಾ?"

"ಇಲ್ಲ."

"ಇದೂ ಚಾರ್ಟೇ. ಸುಳ್ಳು ಅಂತ ಸಿಕ್ಕಿಬಿದ್ದರೆ ಎರಡು ವರ್ಷ ಬಾಗಿಲು ಬಂದ್. ಸಿಕ್ಕಿಬೀಳದಿದ್ದರೆ ಇನ್ನೂ ಕಷ್ಟ. ಅಲ್ಲಿ ಹೋಗಿಯೂ ಯಾವಾಗ ಗೊತ್ತಾಗ್ತದೋ ಅಂತ ಕಾಯ್ತಾ ಇರಬೇಕು."

"ಆದರೆ ಶೆಡ್ಡಿಗೆ ಮನೆ ನಂಬರ್ ಇಲ್ಲ ಬಾಯಿ. ಒಂದು ಕಾಗದವೂ ಬಂದದ್ದಿಲ್ಲ ಆ ವಿಳಾಸಕ್ಕೆ."

"ನಂಬರ್ ಇಲ್ಲದಿದ್ದರೆ ಎಂತ? ಜಾಗ ಇತ್ತಲ್ಲ? ನೀವು ಅಲ್ಲಿ ಇದ್ದಿರಲ್ಲ? ಹಾಗಾದರೆ ಬರೆಯಲಿಕ್ಕೆ ಬರ್ತದೆ."

ಆಮೇಲೆ ಅವರು ಒಂದು ಹಾಳೆ ಎಳೆದುಕೊಂಡು ಕೆನಡಾ ವೀಸಾಕ್ಕೆ ಲೆಕ್ಕವಾಗುವ ಅಂಕ ಕೂಡಿಸಿದರು. ಓದಿಗೆ ಇಪ್ಪತ್ತೆರಡು, ಅನುಭವಕ್ಕೆ ಇಪ್ಪತ್ತೊಂದು, ವಯಸ್ಸಿಗೆ ಹತ್ತು. "ಐವತ್ತಮೂರು ಆಯಿತು. ಅರವತ್ತೇಳು ಬೇಕು. ಇಂಗ್ಲಿಷ್ ಪರೀಕ್ಷೆಯಲ್ಲಿ ಹದಿನಾಲ್ಕು ತೆಗೆದರೆ ಸರಿಯಾಗಿ ಮುಟ್ಟುತ್ತೀರಿ. ತೆಗೀತೀರಿ. ಇನ್ನೊಂದು ಮಾತು ಈಗಲೇ ಹೇಳ್ತೇನೆ. ವೀಸಾ ಸಿಕ್ಕಿದ ಕೂಡಲೇ ನೀವು ಅಲ್ಲಿ ನರ್ಸ್ ಆಗುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ, ಬೇರೆ ಲೈಸೆನ್ಸ್ ಉಂಟು. ನಾಳೆ ನನ್ನನ್ನು ಬೈಯಬಾರದು."

ಗುಣಪಾಲ ಇದನ್ನು ಹೇಳಿರಲಿಲ್ಲ. ಕೆಟ್ಟ ಸುದ್ದಿಯನ್ನೂ ಹೀಗೆ ನೇರವಾಗಿ ಹೇಳಿದ ಮೇಲೆ ಶರಣಮ್ಮನಿಗೆ ಈ ಹೆಂಗಸಿನ ಮೇಲೆ ನಂಬಿಕೆ ಹುಟ್ಟಿತು. ಮೆಟ್ಟಿಲಿಳಿದು ಬಂದವಳು ಹಳೆಯ ಅರ್ಜಿಯ ಆ ಪುಟವನ್ನು ನಾಲ್ಕು ತುಂಡು ಮಾಡಿದಳು.

ಮರುದಿನ ಭಾನುವಾರ. ರೊಟ್ಟಿ ಊಟ ಮುಗಿದ ಮೇಲೆ ಅವಳು ನೋಟ್‌ಬುಕ್ ಹಿಡಿದು ಅಪ್ಪನ ಎದುರು ಕುಳಿತಳು.

"ತೊಂಬತ್ತಮೂರರ ನವೆಂಬರ್‌ದಾಗ ನಾವು ಎಲ್ಲಿದ್ವಿ ಅಪ್ಪಾ?"

"ಈಶ್ವರನಗರದಾಗ. ಹೆಣ್ಮಕ್ಕಳ ಹಾಸ್ಟೆಲ್, ಐದು ಅಂತಸ್ತಿಂದು. ಮೂರನೇ ಸ್ಲ್ಯಾಬ್ ಹಾಕಿದ್ವಿ ಆವಾಗ." ಮಲಕಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಅದು ಮುಗಿದ ಮ್ಯಾಲೆ ಕಾಪುದಾಗ ಕಲ್ಯಾಣಮಂಟಪ."

"ಎಲ್ಲೀ ಕಾಪು?" ಒಳಗಿನಿಂದ ಭಾಗವ್ವ ಬಂದಳು. "ನಡುವ ಪೆರಂಪಳ್ಳಿ ಡಾಕ್ಟ್ರ ಮನಿ ಮರತ್ರೇನು? ಅಲ್ಲೇ ಅಲ್ಲೇನು ಗಾಳಿಗೆ ತಗಡು ಹಾರಿಹೋಗಿದ್ದು? ಇಕಿ ನರ್ಸಿಂಗ್ ಸೇರಾಕ ಹೋಗಿದ್ದು ಅದ ಶೆಡ್ಡಿನಿಂದ. ನಿಮ್ಮಪ್ಪಗ ಕಟ್ಟಡ ನೆನಪದಾವ, ತಿಂಗಳ ನನ್ನ ಕೇಳು."

ಹಾಗೆಯೇ ಆಯಿತು. ಅಪ್ಪ ಕಟ್ಟಡ ಹೇಳಿದ, ಅವ್ವ ತಿಂಗಳು ಹೇಳಿದಳು. ಯಾವ ವರ್ಷದ ನಾಗರಪಂಚಮಿಯ ಉಂಡಿ ಯಾವ ಒಲೆಯ ಮುಂದೆ ಕಟ್ಟಿದ್ದು, ಯಾವ ಬಾವಿಯ ನೀರು ಉಪ್ಪಾಗಿತ್ತು, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು. ಶರಣಮ್ಮ ಬರೆಯುತ್ತ ಹೋದಳು. ಸಂಜೆಯ ಹೊತ್ತಿಗೆ ಒಂಬತ್ತು ಸಾಲುಗಳಾದವು. ಆರು ಶೆಡ್ಡು, ಒಂದು ಹಾಸ್ಟೆಲ್, ಕಾರ್ಕಳದ ನರ್ಸಿಂಗ್ ಹೋಮಿನವರು ಕೊಟ್ಟಿದ್ದ ಒಂದು ಕೋಣೆ, ಮತ್ತು ಅಂಬಲಪಾಡಿಯ ಮನೆ.

ಮಲಕಪ್ಪ ಆ ಪಟ್ಟಿಯನ್ನು ಓದಿಸಿ ಕೇಳಿದ. ಅವನಿಗೆ ಓದಲು ಬರುತ್ತಿರಲಿಲ್ಲ. "ಇದೆಲ್ಲಾ ಕೆನಡಾದಾಗ ಓದ್ತಾರೇನು?"

"ಓದ್ತಾರ."

"ಹಂಗಾದ್ರ ಅಳತಿನೂ ಬರಿ. ಕಾಪು ಕಲ್ಯಾಣಮಂಟಪ ನೂರಾ ಹತ್ತು ಫೂಟ ಉದ್ದ ಐತಿ, ನಡುವ ಒಂದು ಕಂಬಿಲ್ಲ."

ಶರಣಮ್ಮನಿಗೆ ನಗು ಬಂತು. ಅಪ್ಪ ನಾಚಿಕೆಪಡುತ್ತಾನೆ ಎಂದುಕೊಂಡಿದ್ದಳು. ಇಷ್ಟು ವರ್ಷ ನಾಚಿಕೊಂಡವಳು ತಾನೊಬ್ಬಳೇ ಎಂಬುದು ಅವಳಿಗೆ ಆಗ ತಿಳಿಯಿತು.

ಪಟ್ಟಿಗೆ ಬೆಂಬಲವಾಗಿ ಯಾರಾದರೂ ಜವಾಬ್ದಾರಿಯುತರ ಪತ್ರ ಬೇಕೆಂದು ಐರಿನ್ ಬಾಯಿ ಹೇಳಿದ್ದರು. ಮುಂದಿನ ರಜೆಯ ದಿನ ಅಪ್ಪ ಮಗಳು ಬಸ್ಸು ಹತ್ತಿ ಕಾಪುವಿಗೆ ಹೋದರು. ಈ ಕಟ್ಟಡಗಳನ್ನೆಲ್ಲ ಗುತ್ತಿಗೆ ಹಿಡಿದಿದ್ದ ಶೀನ ಪೂಜಾರಿಯವರು ಅಲ್ಲಿದ್ದರು. ಮಂಡಿನೋವಿನಿಂದ ಕೆಲಸ ಬಿಟ್ಟು ಮನೆಯಲ್ಲೇ ಇದ್ದ ಅವರು ಮಲಕಪ್ಪನನ್ನು ಕಂಡು ಎದ್ದು ನಿಲ್ಲಲು ಹೋದರು.

"ಕೂತ್ಕೊಳ್ರೀ ಧಣ್ಯಾರ," ಎಂದ ಮಲಕಪ್ಪ.

ವಿಷಯ ಕೇಳಿ ಶೀನ ಪೂಜಾರಿಯವರು ಒಳಗಿನಿಂದ ಹಳೆಯ ಲೆಟರ್‌ಹೆಡ್ ತರಿಸಿದರು. "ಎಂತ ಬರೀಬೇಕು ಹೇಳು ಮಗಾ. ಇವನು ಕಟ್ಟಿದ ಗೋಡೆ ನೆಟ್ಟಗೆ ಉಂಟಾ ಅಂತ ನಾನು ತೂಗುಗುಂಡು ಇಟ್ಟು ನೋಡಿದವನೇ ಅಲ್ಲ. ಅದನ್ನೂ ಬರೀಲಾ?"

"ನಾವು ಇದ್ದ ಜಾಗ, ಇದ್ದ ತಿಂಗಳು ಮಾತ್ರ ಸಾಕು ಸರ್."

ಅವರು ನಿಧಾನವಾಗಿ, ದುಂಡಗಿನ ಅಕ್ಷರಗಳಲ್ಲಿ ಆರು ಶೆಡ್ಡುಗಳನ್ನೂ ಬರೆದು ಮುದ್ರೆ ಒತ್ತಿದರು. ಆ ಆರರಲ್ಲಿ ಒಂದಾದ ಕಾರ್ಕಳದ ಶಾಲೆಗೆ ಸ್ಲ್ಯಾಬ್ ಹಾಕಿದ ದಿನದ ಫೋಟೋ ಒಂದನ್ನೂ ಹುಡುಕಿ ಕೊಟ್ಟರು. ಮೂಲೆಯಲ್ಲಿ ತಾರೀಕು ಬಿದ್ದಿತ್ತು, ಹಿಂದೆ ತಗಡಿನ ಶೆಡ್ಡು, ಅದರ ಬಾಗಿಲಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತ ಭಾಗವ್ವ.

ಇಂಗ್ಲಿಷ್ ಪರೀಕ್ಷೆಯಲ್ಲಿ ಬರವಣಿಗೆಗೆ ಮಾತ್ರ ಕೊಂಚ ಕಡಿಮೆ ಬಂತು. ಒಟ್ಟು ಹದಿನಾಲ್ಕೇ ಆಯಿತು. ಕೂಡಿಸಿದರೆ ಅರವತ್ತೇಳು, ಒಂದೂ ಹೆಚ್ಚಿಲ್ಲ. "ಸಾಕು," ಎಂದರು ಐರಿನ್ ಬಾಯಿ. ಎರಡು ಸಾವಿರದ ನಾಲ್ಕರ ಮಾರ್ಚಿನಲ್ಲಿ ಅರ್ಜಿ ದೆಹಲಿಯ ಕೆನಡಾ ಹೈಕಮಿಷನ್ನಿಗೆ ಹೋಯಿತು.

ಆಮೇಲೆ ಎರಡೂವರೆ ವರ್ಷ ಏನೂ ಇಲ್ಲ. ಶರಣಮ್ಮ ತಿಂಗಳಿಗೊಮ್ಮೆ ಫೋನ್ ಮಾಡಿದರೆ ಐರಿನ್ ಬಾಯಿ, "ಸಾಲಿನಲ್ಲಿ ಉಂಟು. ಆ ಲೈಸೆನ್ಸ್ ಪರೀಕ್ಷೆಗೆ ಓದ್ತಾ ಇದ್ದೀರಾ?" ಎಂದು ತಿರುಗಿ ಕೇಳುತ್ತಿದ್ದರು. ಅವಳು ಓದುತ್ತಿದ್ದಳು. ಈ ನಡುವೆ ಆಸ್ಪತ್ರೆಯಲ್ಲಿ ಅವಳನ್ನು ಐಸಿಯುನ ಹೊಣೆ ಹೊತ್ತ ನರ್ಸ್ ಆಗಿ ಮಾಡಿದರು. ಎರಡು ಸಾವಿರದ ಆರರ ಸೆಪ್ಟೆಂಬರಿನಲ್ಲಿ ದೆಹಲಿಯಿಂದ ಕಾಗದ ಬಂತು. ವಾಸಸ್ಥಳಗಳ ಬಗ್ಗೆ ಸ್ಪಷ್ಟನೆ ಬೇಕು, ಖುದ್ದಾಗಿ ಸಂದರ್ಶನಕ್ಕೆ ಬನ್ನಿ.

ಶರಣಮ್ಮ ಅದನ್ನು ಹಿಡಿದು ಕೋರ್ಟ್ ರಸ್ತೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. "ಅದೇ ಪುಟ ಬಾಯಿ! ನಾನು ಮೊದಲೇ ಹೇಳಿದ್ದೆ."

"ಕೇಳ್ತಾರೆ ಅಂತ ನನಗೂ ಗೊತ್ತಿತ್ತು. ಕೇಳಲಿ. ನಿಮ್ಮ ಹತ್ತಿರ ಉತ್ತರ ಉಂಟಲ್ಲ?" ಐರಿನ್ ಬಾಯಿ ಮೂರು ಸಂಜೆ ತಾವೇ ಅಧಿಕಾರಿಯಾಗಿ ಕುಳಿತು ಅವಳನ್ನು ಪ್ರಶ್ನಿಸಿದರು. ಸುತ್ತಿಬಳಸಿ ಹೇಳಿದಾಗಲೆಲ್ಲ ಮೇಜು ಕುಟ್ಟಿದರು. "ಸಮಜಾಯಿಷಿ ಕೊಡಬೇಡಿ. ಇದ್ದದ್ದು ಹೇಳಿ, ನಿಲ್ಲಿಸಿ."

ಅಪ್ಪನ ಜೊತೆ ರೈಲಿನಲ್ಲಿ ದೆಹಲಿಗೆ ಹೋದಳು. ಮಲಕಪ್ಪ ಹೊರಗೆ ಮರದ ನೆರಳಿನಲ್ಲಿ ಕುಳಿತ, ಒಳಗೆ ಅವಳೊಬ್ಬಳೇ. ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು, ನಗಲೂ ಇಲ್ಲ, ಸಿಡುಕಲೂ ಇಲ್ಲ. ಮಾತು ಇಂಗ್ಲಿಷಿನಲ್ಲಿ ನಡೆಯಿತು.

"ಆರು ಕಡೆ 'ತಾತ್ಕಾಲಿಕ ಶೆಡ್' ಎಂದು ಬರೆದಿದ್ದೀರಿ. ಹಾಗೆಂದರೆ?"

"ನನ್ನ ತಂದೆ ಕಟ್ಟಡ ಕಟ್ಟುವವರು. ಕಟ್ಟುವಷ್ಟು ದಿನ ನಾವು ಅದರ ಹಿಂದೆ ಇರುತ್ತಿದ್ದೆವು. ಮುಗಿದ ಮೇಲೆ ಬೇರೆ ಕಡೆ ಹೋಗುತ್ತಿದ್ದೆವು."

"ಎಲ್ಲಿ ಓದುತ್ತಿದ್ದಿರಿ?"

"ಕಟ್ಟಡದಲ್ಲಿ. ಗೋಡೆಯಾದ ಕೋಣೆ ಯಾವುದಾದರೂ ಇರುತ್ತಿತ್ತು."

ಅಧಿಕಾರಿ ಫೋಟೋವನ್ನು ಎತ್ತಿ ನೋಡಿದರು. "ಇವರು?"

"ನನ್ನ ತಾಯಿ. ಆ ಶಾಲೆಗೆ ಕಲ್ಲು, ಮರಳು ಹೊತ್ತವರು."

ಹೆಂಗಸು ಏನನ್ನೋ ಬರೆದುಕೊಂಡರು. "ನಿಮ್ಮ ಗುತ್ತಿಗೆದಾರರಿಗೆ ಕಳೆದ ತಿಂಗಳು ಫೋನ್ ಮಾಡಿದ್ದೆವು. ನಿಮ್ಮ ತಂದೆಯ ಗೋಡೆಗಳ ಬಗ್ಗೆ ಬಹಳ ಹೊತ್ತು ಮಾತಾಡಿದರು." ಈಗ ಅವರ ಮುಖ ಸ್ವಲ್ಪ ಸಡಿಲವಾಯಿತು. ಮುಂದಿನ ಇಪ್ಪತ್ತು ನಿಮಿಷ ಅವರು ಕೇಳಿದ್ದೆಲ್ಲ ಐಸಿಯು ಕೆಲಸದ ಬಗ್ಗೆ. ಅದರಲ್ಲಿ ಶರಣಮ್ಮನನ್ನು ಅಲುಗಾಡಿಸುವ ಪ್ರಶ್ನೆ ಒಂದೂ ಇರಲಿಲ್ಲ.

ಊರಿಗೆ ಬಂದ ಮೇಲೆ ಶೀನ ಪೂಜಾರಿಯವರನ್ನು ವಿಚಾರಿಸಿದರೆ ಅವರು ಹಣೆ ಚಚ್ಚಿಕೊಂಡರು. "ಅದು ಅವರದ್ದಾ ಮಾರಾಯ? ಮೊದಲು ಇನ್ಶೂರೆನ್ಸಿನವರು ಅಂತ ಫೋನ್ ಇಟ್ಟುಬಿಟ್ಟೆ. ಮತ್ತೆ ಮಾಡಿದರು. ಆಮೇಲೆ ನಾನು ಅವರನ್ನು ಬಿಡಲಿಲ್ಲ."

ಎರಡು ಸಾವಿರದ ಏಳರ ಜೂನಿನಲ್ಲಿ ವೀಸಾ ಬಂತು. ಆಗಸ್ಟಿನಲ್ಲಿ ಶರಣಮ್ಮ ವಿನಿಪೆಗ್ ನಗರಕ್ಕೆ ಹೋದಳು. ಐರಿನ್ ಬಾಯಿ ಹೇಳಿದ್ದ ಹಾಗೆ ಕೂಡಲೇ ನರ್ಸ್ ಆಗಲಿಲ್ಲ. ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಸಹಾಯಕಿಯಾಗಿ ಸೇರಿ, ಹಾಸಿಗೆ ಬದಲಿಸುತ್ತ, ಊಟ ಮಾಡಿಸುತ್ತ ಎರಡು ವರ್ಷ ದುಡಿದಳು. ಮೊದಲ ಸಲ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ತಪ್ಪಿತು. ಅತ್ತಳು, ಎರಡು ದಿನ. ಮೂರನೆಯ ದಿನ ಪುಸ್ತಕ ತೆರೆದಳು. ಮೊದಲೇ ತಿಳಿದಿದ್ದ ದಾರಿಯಾದ್ದರಿಂದ ಅವಳಿಗೆ ಮೋಸಹೋದೆನೆಂಬ ಭಾವನೆ ಬರಲಿಲ್ಲ; ಇನ್ನೊಂದು ಸಲ ಕುಳಿತರೆ ಆಗುತ್ತದೆ ಎಂದು ಖಚಿತವಾಗಿ ಅನ್ನಿಸಿತ್ತು.

ಆಯಿತು. ಎರಡು ಸಾವಿರದ ಒಂಬತ್ತರ ಅಕ್ಟೋಬರಿನಲ್ಲಿ ಫಲಿತಾಂಶ ಬಂದ ಕೂಡಲೇ ಅವಳು ಅಪ್ಪನ ಮೊಬೈಲಿಗೆ ಫೋನ್ ಮಾಡಿದಳು. ಉಡುಪಿಯಲ್ಲಿ ಬೆಳಗ್ಗೆ ಎಂಟೂವರೆ. ಮಲಕಪ್ಪ ಸಂತೆಕಟ್ಟೆಯಲ್ಲಿ ಏಳುತ್ತಿದ್ದ ಕಟ್ಟಡವೊಂದರ ಸಾರುವೆಯ ಮೇಲೆ ನಿಂತಿದ್ದ.

"ಪಾಸಾದೆ ಅಪ್ಪಾ. ಮುಂದಿನ ತಿಂಗಳಿಂದ ದೊಡ್ಡ ದವಾಖಾನಿ."

ಅವನು ಕೆಳಗಿನವರಿಗೆ ಕೂಗಿ ಹೇಳಿದ್ದು ಅವಳಿಗೂ ಕೇಳಿಸಿತು. ಯಾರೋ ಸೀಟಿ ಊದಿದರು. ಆಮೇಲೆ ಅಪ್ಪನ ದನಿ ಮತ್ತೆ ಹತ್ತಿರವಾಯಿತು.

"ಹೌದವ್ವಾ, ಅಲ್ಲೆ ನೀರೆಲ್ಲಾ ಗಡ್ಡಿ ಕಟ್ಟತೈತಂತಲ್ಲ. ಅಂಥಾ ಥಂಡಿಯಾಗ ಸ್ಲ್ಯಾಬ್ ಹೆಂಗ ಹಾಕ್ತಾರ?"

"ನನಗ ಗೊತ್ತಿಲ್ಲಪ್ಪಾ."

"ಕೇಳಿ ತಿಳಕೊಂಡು ಹೇಳು," ಎಂದು ಮಲಕಪ್ಪ ಫೋನ್ ಇಟ್ಟ.

ಅವಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಹೊಸ ಕಟ್ಟಡವೊಂದು ಏಳುತ್ತಿತ್ತು. ಮರುದಿನ ಶರಣಮ್ಮ ಬೇಲಿಯ ಬಳಿ ನಿಂತು, ಹಳದಿ ಟೊಪ್ಪಿ ಹಾಕಿದ್ದ ಮೇಸ್ತ್ರಿಯನ್ನು ಕರೆದು ಅದನ್ನೇ ಕೇಳಿದಳು.