ಕೊನೆಯ ಕುರ್ಚಿಯವನ ದರ

ದೇಶ ದೇಶಗಳ ಹಣ ಕೊಂಡು ಮಾರುವ ಆ ಬ್ಯಾಂಕಿನ ದೊಡ್ಡ ಕೋಣೆಯಲ್ಲಿ, ಶೌಚಾಲಯದ ಪಕ್ಕದ ಕುರ್ಚಿ ಅವನದು. ಕಿಟಕಿ ಬಳಿ ಕೂತು ದೊಡ್ಡ ದೇಶಗಳ ವ್ಯವಹಾರ ನೋಡುವವರು ಅವನನ್ನು ‘ಚಿಲ್ಲರೆ’ ಎನ್ನುತ್ತಿದ್ದರು. ಅವನ ಪಾಲಿಗೆ ಬಂದಿದ್ದು ಒಂದೇ ಒಂದು ಪುಟ್ಟ ದೇಶದ ಹಣ. ಭೂಪಟದ ಮೇಲೆ ನೊಣ ಕೂತರೆ ಆ ದೇಶವೇ ಮಾಯ.

ಅಲ್ಲಿಯ ಸರ್ಕಾರಿ ಬ್ಯಾಂಕಿನಿಂದ ದಿನಾ ಬೆಳಿಗ್ಗೆ ಹತ್ತಕ್ಕೆ ಒಬ್ಬರು ಫೋನ್ ಮಾಡಿ ಡಾಲರಿನ ದರ ಹೇಳುತ್ತಿದ್ದರು. ಹನ್ನೊಂದು ವರ್ಷದಿಂದ ಅವನಿಗೆ ಅವರು ಅಕ್ಕ. ಮುಖ ಮಾತ್ರ ನೋಡಿಲ್ಲ. ಈ ಕಸುಬಿನಲ್ಲಿ ಬಾಯಿಂದ ಬಂದದ್ದೇ ದರ. ಆಚೆಯವರು ‘ತಗೊಂಡೆ’ ಅಂದರೆ ಮುಗಿಯಿತು, ಆಮೇಲೆ ಗೋಗರೆದರೂ ಉಪಯೋಗವಿಲ್ಲ.

ಆ ದಿನ ಸಾಹೇಬರು ಬೆನ್ನ ಹಿಂದೆಯೇ ನಿಂತಿದ್ದರು. ಈ ತಿಂಗಳೂ ಲಾಭ ಬರದಿದ್ದರೆ ಕುರ್ಚಿ ಎತ್ತಿಸುತ್ತೇನೆಂದು ಮೊದಲೇ ಹೇಳಿಯಾಗಿತ್ತು. ಸ್ಪೀಕರಿನಲ್ಲಿ ಅಕ್ಕನ ದನಿ ಬಳಲಿತ್ತು.

“ಇಪ್ಪತ್ತು ಲಕ್ಷ ಡಾಲರ್ ಮಾರ್ತಿದೀವಿ. ಡಾಲರಿಗೆ ನಮ್ಮ ದುಡ್ಡು ಮೂವತ್ತೊಂದು.”

ನಿನ್ನೆಯ ದರ ನಲವತ್ತೊಂದು; ರಾತ್ರೋರಾತ್ರಿ ಹತ್ತು ಇಳಿಯುವುದುಂಟೇ, ಅಕ್ಕ ಬಾಯಿತಪ್ಪಿದ್ದರು. ಸಾಹೇಬರು ಅವನ ಹೆಗಲು ಅದುಮಿ, ‘ತಗೊಂಡೆ’ ಅನ್ನುವಂತೆ ಸನ್ನೆ ಮಾಡಿದರು. ಒಂದೇ ಮಾತಿಗೆ ಅವನ ಕುರ್ಚಿ ಕಿಟಕಿ ಬಳಿಗೆ ಹೋಗುತ್ತಿತ್ತು. ಆದರೆ ಆ ದೇಶ ಎಣ್ಣೆಗೆ, ಔಷಧಿಗೆಂದು ಕೂಡಿಟ್ಟ ಈ ಡಾಲರುಗಳ ಬೆಲೆಯಲ್ಲಿ ಕಾಲು ಭಾಗ ನೀರುಪಾಲು, ಜೊತೆಗೆ ಅಕ್ಕನ ಕೆಲಸವೂ.

“ಲೈನ್ ಸರಿಯಿಲ್ಲ ಅಕ್ಕಾ. ಇನ್ನೊಂದ್ಸಲ ಹೇಳಿ.”

ಆ ಕಡೆ ಕಾಗದ ಸರಿದ ಸದ್ದು.

“ನಲವತ್ತೊಂದು,” ಅಂದರು.

“ತಗೊಂಡೆ.”

ಸಾಹೇಬರು ಕೂಗಾಡಲಿಲ್ಲ. “ಮಧ್ಯಾಹ್ನದೊಳಗೆ ಮೇಜು ಖಾಲಿ ಮಾಡ್ರೀ,” ಎಂದು ಹೊರಟುಹೋದರು. ಅವನು ಚಹಾದ ಲೋಟ, ಕನ್ನಡಕದ ಡಬ್ಬಿ, ಎಸಿಯ ಚಳಿಗೆಂದು ಇಟ್ಟುಕೊಂಡಿದ್ದ ಸ್ವೆಟರ್ ಎಲ್ಲವನ್ನೂ ಊಟದ ಚೀಲಕ್ಕೆ ತುರುಕಿದ. ದೊಡ್ಡ ಧೀರನೇನಲ್ಲ ಅವನು. ಹೆಂಡತಿಗೆ ಏನು ಹೇಳುವುದೆಂದು ಹೊಳೆಯದೆ, ಚೀಲದ ಜಿಪ್ ಎರಡು ಸಲ ತೆಗೆದು ಹಾಕಿದ.

ಅಷ್ಟರಲ್ಲಿ ಮತ್ತೆ ಫೋನು.

“ಅಮ್ಮ ಆಸ್ಪತ್ರೇಲಿದಾರೆ. ಮೂರು ದಿನದಿಂದ ಕಣ್ಣು ಮುಚ್ಚಿಲ್ಲ ನಾನು,” ಅಂದರು ಅಕ್ಕ. “ಲೈನ್ ಚೆನ್ನಾಗೇ ಇತ್ತು, ಅಲ್ವಾ?”

“ಇಲ್ಲ ಅಕ್ಕಾ. ಈಗ್ಲೂ ಸರಿಯಾಗಿ ಕೇಳ್ತಿಲ್ಲ.”

ಅಕ್ಕ ಅಳುತ್ತಿದ್ದದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

“ನಿಮ್ಮ ಸಾಹೇಬ್ರು ಏನೂ ಅನ್ಲಿಲ್ವಾ?”

“ಅವರಿಗೇನು ಗೊತ್ತಾಗತ್ತೆ, ಬಿಡಿ.”

“ಹಾಗಾದ್ರೆ ನಾಳೆ ಹತ್ತಕ್ಕೆ ಮಾಡ್ತೀನಿ.”

“ಮಾಡಿ ಅಕ್ಕಾ,” ಎಂದ ಚಿಲ್ಲರೆ, ಚೀಲ ಹೆಗಲಿಗೇರಿಸುತ್ತ. “ಇವತ್ತು ಸ್ವಲ್ಪ ನಿದ್ದೆ ಮಾಡಿ.”