ಬೆನ್ನಿಗೆ ಕಸೆಯಿರುವ ಜಾಕೆಟ್ಟು

ನಾನು ಒಂದು ಉಣ್ಣೆಯ ಜಾಕೆಟ್ಟು. ಹುಟ್ಟಬೇಕಾಗಿದ್ದದ್ದು ಮಾತ್ರ ಸ್ವೆಟರಾಗಿ. ಒಂದು ಮಹಿಳಾ ಮಾಸಿಕದಲ್ಲಿ ನನ್ನ ನಮೂನೆ ಅಚ್ಚಾಗಿತ್ತು: ಎದೆ, ಬೆನ್ನು, ತೋಳು ಬೇರೆ ಬೇರೆ ಹೆಣೆದು ಕೊನೆಗೆ ಸೂಜಿದಾರದಿಂದ ಕೂಡಿಸುವುದು. ಹತ್ತು ದಿನದ ಕೆಲಸ. ನನ್ನನ್ನು ಹಡೆಯುವುದಕ್ಕೆ ಮೂರು ತಿಂಗಳು ಹಿಡಿಯಿತು.

ಹೆಣೆದವಳು ವತ್ಸಲಾ, ಬೆಳಗಾವಿಯ ಒಂದು ಮಡಿವಂತರ ಮನೆಯ ಸೊಸೆ. ಹೆಣೆಸಿಕೊಂಡವರು ಅತ್ತೆ ಗೋದಾಬಾಯಿ. ಲಕ್ವಾ ಹೊಡೆದು ಅವರ ಎಡಗೈ ಬಿದ್ದುಹೋಗಿತ್ತು. ನಾಲಿಗೆಗೆ ಏನೂ ಆಗಿರಲಿಲ್ಲ. ಅತ್ತ ಗದಗಿನಲ್ಲಿ ವತ್ಸಲಾಳ ತಾಯಿ ಹಾಸಿಗೆ ಹಿಡಿದಿದ್ದಳು. ಮಗಳ ಮುಖ ನೋಡಬೇಕು ಅನ್ನುವುದೊಂದೇ ಅವಳ ಜಪವೆಂದು ಕಾರ್ಡು ಬಂದಿತ್ತು.

"ನನ್ನ ಉಣ್ಣಿ ಅಂಗಿ ಮುಗಿಸು, ಆಮ್ಯಾಲ ಹೋಗು," ಅಂದರು ಗೋದಾಬಾಯಿ. "ಥಂಡ್ಯಾಗ ನಾ ಸಾಯಲೇನು?"

ವತ್ಸಲಾ ವಾರದಲ್ಲೇ ಹೆಣೆದು, ಹೊಲಿದು ತಂದಳು.

"ಹೊಲಿದದ್ದು ಮಡಿಗೆ ಬರ್ತದೇನು? ಉಣ್ಣಿ ಮಡಿ ಖರೆ, ಹೊಲಿಗಿ ಅಲ್ಲ. ಬಿಚ್ಚು."

ಬಿಚ್ಚಿದಳು. ಎರಡನೇ ಸಲ ಹೊಲಿಗೆಯೇ ಬೇಡವೆಂದು ನಮೂನೆಯ ಲೆಕ್ಕವನ್ನೆಲ್ಲ ತಿರುವಿ, ಕೊರಳಿನಿಂದ ಕೆಳಗೆ ಒಂದೇ ತುಂಡಾಗಿ ಇಳಿಸಿದಳು. ತಲೆಯ ಮೇಲಿಂದ ಹಾಕುವಾಗ ಬಿದ್ದ ಕೈ ಏಳಲಿಲ್ಲ. "ಕೈ ಮುರೀತಿ ಏನು? ಬಿಚ್ಚು." ಮೂರನೇ ಸಲ ಎದೆಯನ್ನು ಎರಡು ಭಾಗ ಮಾಡಿದಳು. ಗುಂಡಿ ಹೊಲಿಯುವ ಹಾಗಿಲ್ಲವಲ್ಲ, ಕಟ್ಟಿಕೊಳ್ಳಲು ಉಣ್ಣೆಯದೇ ಕಸೆ ಹೆಣೆದಳು. ನಾನು ಜಾಕೆಟ್ಟಾದೆ.

"ಎದಿಯೊಳಗ ಗಾಳಿ ಹೊಗತದ. ಬಿಚ್ಚು. ಬೆನ್ನಿಗೆ ತೆರಿಯೂಹಂಗ ಮಾಡು."

ಗಂಡ ಶ್ಯಾಮರಾಯರು ಪೇಪರಿನ ಹಿಂದಿನಿಂದ, "ಅವ್ವ ಹೇಳಿಧಂಗ ಮಾಡು," ಅಂದರು. ಗದಗಿನಿಂದ ಇನ್ನೆರಡು ಕಾರ್ಡು ಬಂದವು. ಬೆನ್ನಿನ ನಾಲ್ಕನೇ ಕಸೆ ಅರ್ಧವಾಗಿದ್ದಾಗ ತಂತಿ ಬಂತು. ತಾಯಿ ಹೋಗಿಬಿಟ್ಟಿದ್ದಳು.

"ಹೋದ ಜೀವ ತಿರುಗಿ ಬರ್ತದೇನು?" ಅಂದರು ಗೋದಾಬಾಯಿ. "ಅದೊಂದು ಕಸಿ ಮುಗಿಸೇ ಹೋಗು."

ವತ್ಸಲಾ ಮುಗಿಸಿದಳು. ಅವಳ ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ. ನನಗೆ ಹೆದರಿಕೆಯಾಯಿತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆಯ ಕಾಲ ಚೈತ್ರದಲ್ಲಿ ಬಂತು. ದಿನಾ ಬೆಳಿಗ್ಗೆ ಅವಳು ಅತ್ತೆಗೆ ನನ್ನನ್ನು ತೊಡಿಸಿ, ಬೆನ್ನಿಗೆ ನಾಲ್ಕು ಗಂಟು ಬಿಗಿಯುತ್ತಿದ್ದಳು. ಇದ್ದೊಂದು ಕೈ ಅಲ್ಲಿಗೆ ಎಟಕುತ್ತಿರಲಿಲ್ಲ.

"ಮೈ ಕುದೀಲಿಕ್ಕೆ ಹತ್ತೇದ, ವತ್ಸಲಾ. ತಗೀ ಇದನ್ನ."

"ಲಕ್ವಾದ ಮೈಗೆ ಗಾಳಿ ತಾಗಬಾರದು, ಅತ್ತೀ. ಉಣ್ಣಿಗೆ ಮೈಲಿಗಿನೂ ಇಲ್ಲ, ಇರಲಿ."

ಪಕ್ಕದ ಮನೆಯ ಅಂಬಕ್ಕ ಬಂದರೆ ಗೋದಾಬಾಯಿ ಅವಳ ಸೆರಗು ಹಿಡಿದು ಗೋಗರೆಯುತ್ತಿದ್ದರು. ಅಂಬಕ್ಕ ನಗುತ್ತಿದ್ದಳು: "ಪುಣ್ಯಾ ಮಾಡೀರಿ, ಇಂಥಾ ಸೊಸಿ!"

ಸುಳ್ಳೇಕೆ ಹೇಳಲಿ, ಮೊದಮೊದಲು ನನಗೂ ಖುಷಿಯಾಯಿತು. ನನ್ನನ್ನು ಮೂರು ಸಲ ಕೊಲ್ಲಿಸಿದ ಮುದುಕಿ. ಆಮೇಲೆ ಸೆಕೆಗೆ ಬೆನ್ನ ಮೇಲೆ ಎದ್ದ ಬೊಕ್ಕೆಗಳು ಒಡೆದು ನನಗೆ ಅಂಟಿಕೊಂಡವು. ತೆಗೆಯುವಾಗ ಚರ್ಮವೂ ಬರುತ್ತಿತ್ತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಆಷಾಢದಲ್ಲಿ ಜ್ವರ ಬಂದು ಗೋದಾಬಾಯಿ ತೀರಿಕೊಂಡರು.

ಚಳಿಗಾಲ ಬಂದಾಗ ವತ್ಸಲಾ ನನ್ನನ್ನು ಹೊರತೆಗೆದಳು. ಬಿಚ್ಚಿ, ಆ ಉಣ್ಣೆಯಿಂದ ತನಗೊಂದು ಶಾಲು ಹೆಣೆದುಕೊಳ್ಳುವ ಆಸೆ. ತುದಿ ಹುಡುಕಿ ಎಳೆದಳು. ಎಳೆ ಬರಲಿಲ್ಲ. ಒಂದು ಬೇಸಿಗೆಯ ಬೆವರಲ್ಲಿ ನೆನೆದು, ಮೈಗೆ ಉಜ್ಜಿ ಉಜ್ಜಿ, ನಾನು ಕಂಬಳಿಯ ಹಾಗೆ ಗಟ್ಟಿಯಾಗಿದ್ದೆ. ಒಂದು ಕುಣಿಕೆ ಇನ್ನೊಂದನ್ನು ಬಿಡುತ್ತಿರಲಿಲ್ಲ. ಜೋರಾಗಿ ಜಗ್ಗಿದಳು; ಪರ್ರೆಂದು ಹರಿಯಿತು. ಹರಿದ ತುಂಡನ್ನು ಹಿಡಿದುಕೊಂಡು ನೆಲದ ಮೇಲೆ ಕೂತು, "ಅವ್ವಾ" ಎಂದು ಅಳತೊಡಗಿದಳು. ಗದಗಿಗೆ ಹೋದಾಗಲೂ ಅತ್ತಿರಲಾರಳು, ಅಷ್ಟು ಅಳು.

ಶ್ಯಾಮರಾಯರು ಪೇಪರು ಬಿಟ್ಟು ಎದ್ದು ಬಂದರು. ಅವರ ಕಣ್ಣೂ ತುಂಬಿತ್ತು.

"ನಮ್ಮವ್ವನ್ನ ನೆನಸಿ ಅಳಲಿಕ್ಕೆ ಹತ್ತೀಯೇನು?" ಅಂದರು. "ಎಂಥಾ ಸೊಸಿ ನೀ!"

ವತ್ಸಲಾ ಹೂಂ ಅಂದಳು. ನನ್ನನ್ನು ಮಡಚಿ ಟ್ರಂಕಿನ ತಳದಲ್ಲಿಟ್ಟಳು. ಅಂದಿನಿಂದ ಇಲ್ಲೇ ಇದ್ದೇನೆ. ಬೆಚ್ಚಗಿಡುವುದಕ್ಕೆಂದು ಹುಟ್ಟಿದವನು ನಾನು. ಈ ಮನೆಯಲ್ಲಿ ಒಬ್ಬರನ್ನೂ ಬೆಚ್ಚಗಿಡಲಿಲ್ಲ.