ಓದೋದಕ್ಕೆ ಕೆತ್ತಿಸಿದ ಕಲ್ಲು

"ಮುಚ್ಚೇ ಬಾಯಿ, ಮುಂಡೆ! ಇದೇನು ನಿಮ್ಮಪ್ಪನ ಹಿತ್ತಿಲು ಅಂದ್ಕೊಂಡ್ಯಾ?"

ಕೂಗವ್ವನ ಬಾಯಲ್ಲಿ ಹೆಸರು ಅರ್ಧಕ್ಕೇ ನಿಂತಿತು. ಕಲ್ಲಿಗೆ ಕಟ್ಟಿದ ಬೊಂಬುಗಳಿಗೆ ಹೆಗಲು ಕೊಟ್ಟು ಬಗ್ಗಿದ್ದ ಎಂಟೂ ಹೊರೆಯಾಳುಗಳು ಬಗ್ಗಿದ ಹಾಗೇ ಉಳಿದರು. ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದ ಸಾಹೇಬರು ಫೋನನ್ನು ಅಂಗೈಯಿಂದ ಮುಚ್ಚಿಕೊಂಡು ಮತ್ತೆ ಗದರಿದರು.

"ಎದುರಿಗೆ ಪ್ರಾರ್ಥನಾ ಮಂದಿರ ಇರೋದು ಕಾಣಲ್ವಾ? ಗುರುಗಳೇ ಫೋನ್ ಮಾಡಿದಾರೆ. ನಿಮ್ಮ ಆ ಹಾಳು ದೆವ್ವದ ಹೆಸರು ಅವರ ಕಿವಿಗೆ ಬೀಳ್ತಿದೆಯಂತೆ. ಇನ್ನೊಂದ್ಸಲ ಕೇಳಿಸಿದ್ರೆ ಒದ್ದು ಓಡಿಸ್ತೀನಿ!"

ಕೂಗವ್ವ ನಿಜಕ್ಕೂ ಗಂಡ ಸತ್ತವಳು. ಹಾಗಾಗಿ 'ಮುಂಡೆ' ಅನ್ನಿಸಿಕೊಂಡದ್ದು ಅವಳಿಗೆ ಹೊಸದೂ ಅಲ್ಲ, ಸುಳ್ಳೂ ಅಲ್ಲ. ಎಷ್ಟೋ ಸಾರಿ ನುಂಗಿ ಅರಗಿಸಿಕೊಂಡಿದ್ದಳು. ಅವಳು ನುಂಗಲಾರದೆ ಹೋದದ್ದು ಹೆಸರು ತುಂಡಾದದ್ದನ್ನು. ಕರೆದು ಅರ್ಧಕ್ಕೆ ಬಿಟ್ಟರೆ ಬರುತ್ತಿದ್ದವರು ದಾರಿಯಲ್ಲೇ ನಿಂತುಬಿಡುತ್ತಾರೆ ಅನ್ನುವುದು ಹೊರೆಯಾಳುಗಳ ನಂಬಿಕೆ.

ಆ ಗುಂಪಿನ ಕೆಲಸ ಭಾರ ಹೊರುವುದು. ಕ್ರೇನು ನುಗ್ಗದ ಕಡೆಗೆ ಅವರು ನುಗ್ಗುತ್ತಾರೆ. ಇಲ್ಲೂ ಹಾಗೇ ಆಗಿತ್ತು. ಕಚೇರಿಯ ಅಂಗಳಕ್ಕೆ ಹೋಗಲು ಇದ್ದದ್ದು ಒಂದೇ ಬಾಗಿಲು, ಅದರ ಮೇಲೆ ತಗ್ಗಾದ ಕಮಾನು. ಲಾರಿ ಹೊರಗೇ ಕಲ್ಲು ಇಳಿಸಿ ಹೋಗಿತ್ತು. ಆಳುದ್ದದ ಕರೀ ಕಲ್ಲು, ಮುಖಕ್ಕೆ ಕನ್ನಡಿಯಂಥ ಹೊಳಪು. ಅದನ್ನು ಅಂಗಳದ ಕಟ್ಟೆಯ ಮೇಲೆ ನಿಲ್ಲಿಸಬೇಕು. ಮಧ್ಯಾಹ್ನಕ್ಕೆ ದೊಡ್ಡ ಸಾಹೇಬರು ಎದುರಿನ ಮಂದಿರದಿಂದಲೇ ಗುರುಗಳನ್ನು ಕಾರಿಗೆ ಹತ್ತಿಸಿಕೊಂಡು ಬಂದು ಪರದೆ ಸರಿಸುವವರಿದ್ದರು.

ಹೊರೆಯಾಳುಗಳಿಗೆ ಗುಡಿಯಿಲ್ಲ, ಗೋಪುರವಿಲ್ಲ. ಅವರ ದೇವರು ಹೊರೆಯವ್ವ. ಹೊರೆ ಎತ್ತುವಾಗ ಬರುತ್ತಾಳೆ, ಇಳಿಸಿದಾಗ ಹೋಗುತ್ತಾಳೆ. ಅವಳ ಹಿಂದೆಯೇ ಹೊರೆಯಡಿ ಸಿಕ್ಕಿ ಸತ್ತವರೂ ಬಂದು ಒಂದೊಂದು ಹೆಗಲು ಕೊಡುತ್ತಾರೆ. ಕೂಗವ್ವ ಮೊದಲು ಉಸಿರು ಎಳೆದುಕೊಳ್ಳುತ್ತಾಳೆ. ಆ ಸದ್ದಿಗೆ ಎಂಟೂ ಎದೆ ಉಬ್ಬುತ್ತವೆ. "ಹೊರೆಯವ್ವಾ ಬಾರೇ" ಅಂದಾಗ ಮೊಣಕಾಲು ಬಿಗಿಯುತ್ತವೆ. "ಹೆಗಲಿಗೆ ಸೇರೇ" ಎಂದು ಎಂಟೂ ಬಾಯಿ ಒಟ್ಟಿಗೆ ಅಂದಾಗ ಹೊರೆ ನೆಲ ಬಿಡುತ್ತದೆ. ಆಮೇಲೆ ಒಂದೊಂದು ಹೆಜ್ಜೆಗೂ ಸತ್ತವರಲ್ಲಿ ಒಬ್ಬೊಬ್ಬರ ಹೆಸರು. ಅವರಲ್ಲಿ ಕೊನೆಯವನು ಗೂಳಿ, ಕೂಗವ್ವನ ಗಂಡ. ಬದುಕಿದ್ದಾಗ ಮನೆಯಲ್ಲೂ ಅವನ ಹೆಸರು ಹಿಡಿದು ಕರೆಯದವಳು ಸತ್ತಮೇಲೆ ದಿನಾ ಬೀದಿಯಲ್ಲಿ ಕೂಗಿ ಕರೆಯುತ್ತಿದ್ದಳು.

"ಕೂಗದೆ ಎತ್ತೋದು ಹೆಂಗೆ ಸ್ವಾಮಿ?" ಅಂದಳು.

"ಎಲ್ಲರೂ ಹೆಂಗೆ ಎತ್ತುತಾರೋ ಹಂಗೆ. ನಿಮ್ಮ ಮನೇಲಿ ಬಾಗಿಲು ಹಾಕ್ಕೊಂಡು ಕೂಗ್ಕೊಳ್ರಿ, ಯಾರು ಬೇಡ ಅಂತಾರೆ?"

"ಮನೇಲಿ ಎತ್ತೋಕೆ ಏನಿದೆ ಸ್ವಾಮಿ? ಖಾಲಿ ಮಡಕೆ." ಹಿಂದಿನ ಬೊಂಬಿನಿಂದ ಅವಳ ಮೈದುನ ಅಂದ. ಅವನಿಗೆ ಮೊಂಡ ಅಂತಲೇ ಹೆಸರು. ಬಗ್ಗಿದ್ದವರೆಲ್ಲ ಕಿಸಕ್ಕನೆ ನಕ್ಕರು.

ಸಾಹೇಬರ ಮುಖ ಕಪ್ಪಿಟ್ಟಿತು. ಗುತ್ತಿಗೆ ಹಿಡಿದಿದ್ದ ಮೇಸ್ತ್ರಿ ಓಡಿಬಂದು ಕೂಗವ್ವನ ಮುಂದೆ ಕೈಮುಗಿದ. "ನಿನ್ನ ಕಾಲಿಗೆ ಬೀಳ್ತೀನಿ, ಇದೊಂದು ಸಲ ಸುಮ್ಮನಿರೇ ತಾಯಿ. ಈ ಕಚೇರಿ ಬಿಟ್ಟರೆ ನಮಗೆ ಬೇರೆ ಕೆಲಸ ಕೊಡೋರಿಲ್ಲ."

ಆಗ ಕಲ್ಲಿನ ತಲೆಯ ಬದಿ ಕೂತು ಅಕ್ಷರದ ಸಂದಿಯ ಪುಡಿ ಗುಡಿಸುತ್ತಿದ್ದ ಉಳಿಯಣ್ಣ ತಲೆಯೆತ್ತಿದ. ಆ ಕಲ್ಲನ್ನು ಕೆತ್ತಿದವನು ಅವನೇ.

"ಸಾರ್, ಇದು ನೀವೇ ಬರ್ಕೊಟ್ಟಿದ್ದು. 'ಸಂವಿಧಾನದ ಪ್ರಕಾರ ಪ್ರತಿಯೊಬ್ಬರಿಗೂ ತಮ್ಮ ನಂಬಿಕೆಯಂತೆ ನಡೆಯುವ, ತಮ್ಮ ಮಾತನ್ನು ಹೇಳುವ ಸ್ವಾತಂತ್ರ್ಯವಿದೆ.' ಮತ್ತೆ ಈಯಮ್ಮ..."

"ಲೇ, ಅದು ಓದೋದಕ್ಕೆ ಕೆತ್ತಿಸಿರೋದು ಕಣೋ, ಕೂಗೋದಕ್ಕಲ್ಲ! ಬಂದುಬಿಟ್ಟ ದೊಡ್ಡ ವಕೀಲ, ಬೋಳಿಮಗ."

ಉಳಿಯಣ್ಣ ಮತ್ತೆ ಪುಡಿ ಗುಡಿಸತೊಡಗಿದ. ಕೂಗವ್ವನಿಗೆ ಓದು ಬರುತ್ತಿರಲಿಲ್ಲ. ಇಷ್ಟು ಹೊತ್ತೂ ಅದು ಅವಳಿಗೆ ಬರೀ ಕಲ್ಲಾಗಿತ್ತು. ಈಗ ಬಗ್ಗಿ ಆ ಸಾಲುಗಳನ್ನು ನೋಡಿದಳು, ಸಂತೆಯಲ್ಲಿ ಗುರುತಿನವರಂತೆ ಕಂಡವರ ಮುಖ ನೋಡುವ ಹಾಗೆ.

ಸಾಹೇಬರು ಬಾಗಿಲಲ್ಲಿದ್ದ ಪೇದೆಯನ್ನು ಕರೆದರು. "ನೀನು ಸೀಟಿ ಊದು. ಇವರು ಎತ್ತಲಿ."

ಹಾಗೇ ಆಯಿತು. ಕೂಗವ್ವ ಗೋಡೆಯ ಪಕ್ಕ ಸರಿದು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಪೇದೆ ಕೆನ್ನೆ ಊದಿಸಿಕೊಂಡು ಜೋರಾಗಿಯೇ ಊದಿದ.

ಆದರೆ ಸೀಟಿಗೆ ಉಸಿರೆಳೆದುಕೊಳ್ಳುವ ಹೊತ್ತಿಲ್ಲ. ಮುಂದಿನವರು ಸದ್ದು ಹುಟ್ಟುತ್ತಲೇ ಎದ್ದರು, ಹಿಂದಿನವರು ಅದು ಮುಗಿಯಲೆಂದು ಕಾದರು. ಕಲ್ಲು ಒಂದು ಕಡೆ ಮೇಲೆದ್ದು ಓರೆಯಾಯಿತು. ಹಗ್ಗ ಸರ್ರನೆ ಜಾರಿತು. "ಅತ್ತಿಗೇ!" ಎಂದು ಮೊಂಡ ಕಿರುಚಿದ್ದೂ ಕಲ್ಲು ನೆಲಕ್ಕೆ ಬಡಿದದ್ದೂ ಒಟ್ಟಿಗೇ ಕೇಳಿಸಿದವು.

ಸಾಹೇಬರು ನಾಲ್ಕೇ ಹೆಜ್ಜೆಗೆ ಮೆಟ್ಟಿಲಿಳಿದು ಬಂದು ಮಂಡಿಯೂರಿ ಕೂತರು. ಕಲ್ಲಿನ ಮೂಲೆ ಮೂಲೆಯನ್ನೂ ಬೆರಳಿನಿಂದ ಸವರಿದರು.

"ಸದ್ಯ, ಚಕ್ಕೆ ಎದ್ದಿಲ್ಲ," ಅಂದರು.

ಮೊಂಡನ ಪಾದ ಇನ್ನೂ ಕಲ್ಲಿನ ಕೆಳಗೇ ಇತ್ತು. ಉಳಿದವರು ಹಾರೆ ಕೊಟ್ಟು ಮೀಟಿ ಅವನನ್ನು ಎಳೆದರು. ಹೆಬ್ಬೆರಳೂ ಅದರ ಪಕ್ಕದ್ದೂ ಬೆರಳಿನ ಆಕಾರದಲ್ಲಿ ಇರಲಿಲ್ಲ. ಕೂಗವ್ವ ಸೆರಗು ಹರಿದು ಬಿಗಿಯಾಗಿ ಸುತ್ತಿದಳು. ಅವನು ಹಲ್ಲು ಕಚ್ಚಿಕೊಂಡು, "ಅಣ್ಣ ದಾರೀಲೇ ನಿಂತುಬಿಟ್ಟ ಅತ್ತಿಗೆ. ಇಲ್ಲಾಂದ್ರೆ ಹಿಡ್ಕೋತಿದ್ದ," ಅಂದ.

"ನಾನು ಊದಿದ್ದು ಸರಿಯಾಗೇ ಇತ್ತು ಸಾರ್," ಎಂದು ಪೇದೆ ಯಾರೂ ಕೇಳದಿದ್ದರೂ ಹೇಳಿದ.

"ಆ ರಕ್ತದ ಮೇಲೆ ಮಣ್ಣು ಹಾಕ್ರೋ. ಅವನನ್ನ ಆ ಕಡೆ ಕೂರಿಸಿ, ಬಾಗಿಲಿಗೆ ಎದುರು ಬೇಡ." ಸಾಹೇಬರು ಗಡಿಯಾರ ನೋಡಿಕೊಂಡರು. ಆಮೇಲೆ ಕೂಗವ್ವನ ಹತ್ತಿರ ಬಂದು ದನಿ ತಗ್ಗಿಸಿದರು. "ನೋಡಮ್ಮ, ನಾನೇನು ಕಟುಕ ಅಲ್ಲ. ಕೂಗು, ಬೇಡ ಅನ್ನಲ್ಲ. ಆದರೆ ಗುರುಗಳ ದೇವರ ಹೆಸರು ಹೇಳಿ ಕೂಗು. ದೇವರು ಯಾವುದಾದರೇನು, ಕಲ್ಲು ಎದ್ದರಾಯ್ತು. ನಿನಗೂ ಪುಣ್ಯ."

ಅಮ್ಮ ಅನ್ನಿಸಿಕೊಳ್ಳುವುದಕ್ಕೆ ಎರಡು ಬೆರಳು ಬೇಕಾಯಿತು ಅಂದುಕೊಂಡಳು ಕೂಗವ್ವ.

ಮೇಸ್ತ್ರಿ ಪಿಸುಗುಟ್ಟಿದ. "ಒಪ್ಕೊಳ್ಳೇ. ಬಾಯಿಮಾತಲ್ವಾ, ಏನು ಸವೆದುಹೋಗುತ್ತೆ?"

"ಅವರು ಬರ್ತಾರಾ ಮೇಸ್ತ್ರಿ? ಹೆಗಲು ಕೊಡೋಕೆ?"

"ಯಾರು?"

"ಗುರುಗಳ ದೇವರು. ಆ ಮಂದಿರ ಕಟ್ಟೋವಾಗ ಕಂಬ ಹೊತ್ತೋರು ನಾವು. ನನ್ನ ಗಂಡ ಸತ್ತಿದ್ದು ಆ ಕಂಬದ ಕೆಳಗೆ. ಕಂಬ ನಿಂತ ಮಾರನೇ ದಿನ ನಮ್ಮನ್ನ ಒಳಗೆ ಬಿಡಲಿಲ್ಲ. ಆವತ್ತು ಬರದೇ ಇದ್ದೋರು ಇವತ್ತು ಬರ್ತಾರಾ?"

ಮೇಸ್ತ್ರಿ ಜಾರಿದ್ದ ಹಗ್ಗವನ್ನು ಎತ್ತಿ ಸರಿಮಾಡತೊಡಗಿದ.

ಕೂಗುವವರು ಬೊಂಬಿಗೆ ಹೆಗಲು ಕೊಡುವ ಪದ್ಧತಿಯಿಲ್ಲ. ಕೂಗವ್ವ ಸೀರೆ ಮೇಲಕ್ಕೆ ಸಿಕ್ಕಿಸಿ ಹೋಗಿ ಮೊಂಡನ ಜಾಗದಲ್ಲಿ ನಿಂತಳು. ಏಳು ಜನವೂ ಏನೂ ಕೇಳದೆ ತಮ್ಮ ತಮ್ಮ ಜಾಗಕ್ಕೆ ಬಂದರು. ಹಗ್ಗ ಬಿಗಿದರು.

"ಶಹಬ್ಬಾಸ್, ಹಾಗೆ ಬಾ ದಾರಿಗೆ," ಅಂದರು ಸಾಹೇಬರು.

ಅವಳು ಉಸಿರು ಎಳೆದುಕೊಂಡಳು. ಏಳೂ ಎದೆ ಉಬ್ಬಿದವು.

"ಹೊರೆಯವ್ವಾ ಬಾರೇ!"

"ಹೆಗಲಿಗೆ ಸೇರೇ!"

ಕಲ್ಲು ಹೂವಿನಂತೆ ನೆಲ ಬಿಟ್ಟಿತು. ಎದುರಿನ ಮಂದಿರದ ಕಿಟಕಿ ಪಟಾರನೆ ಮುಚ್ಚಿಕೊಂಡಿತು. ಸಾಹೇಬರು, "ಏಯ್! ನಿಲ್ಲಿಸೇ! ಹಲ್ಲು ಉದುರಿಸ್ತೀನಿ!" ಎಂದು ಕೈಯೆತ್ತಿ ನುಗ್ಗಿದವರು, ತೂಗುತ್ತಿದ್ದ ಕಲ್ಲನ್ನು ನೋಡಿ ತಮ್ಮ ಬೂಟಿನ ತುದಿಯನ್ನೊಮ್ಮೆ ನೋಡಿಕೊಂಡು ಹಿಂದೆ ಸರಿದರು. ಹೊರೆ ಹೆಗಲಲ್ಲಿರುವವರನ್ನು ಹೊಡೆಯಲು ಯಾರಿಗೂ ಧೈರ್ಯ ಬರುವುದಿಲ್ಲ.

"ಗೂಳಿಯಣ್ಣ ಬಾರೋ!" ಎಂದು ಗೋಡೆಯ ಬದಿಯಿಂದ ಕೂಗಿದವನು ಮೊಂಡ.

"ಹೆಗಲಿಗೆ ಸೇರೋ!"

ಹೆಜ್ಜೆಗೊಂದು ಹೆಸರು. ಹೆಸರಿಗೊಂದು ಹೆಜ್ಜೆ. ಕಲ್ಲು ಕಮಾನಿನ ಕೆಳಗೆ ಬಂತು. ಅಂಗಳದ ಕಟ್ಟೆ ಎದುರಿಗೇ ಕಾಣುತ್ತಿತ್ತು, ಹೂವಿನ ಹಾರ, ಪರದೆ, ಸಾಲು ಕುರ್ಚಿ. ಅಲ್ಲಿ ಕೂಗವ್ವನ ದನಿ ಬದಲಾಯಿತು.

"ಅವ್ವಾ ಸಾಕೇ!"

ಅದು ಇಳಿಸುವ ಕೂಗು. ಯಾಕೆ, ಏನು ಎಂದು ಮನಸ್ಸು ಕೇಳುವ ಮುಂಚೆ ಏಳೂ ಮೈ ಬಗ್ಗಿದವು.

"ನೆಲಕೆ ಹಾಕೇ!"

ಬಾಗಿಲ ಅಗಲಕ್ಕೂ ಕಲ್ಲು ಅಡ್ಡ ಕೂತಿತು, ಅಕ್ಷರ ಮೇಲೆ ಮಾಡಿ. ಪಕ್ಕದಲ್ಲಿ ಬೆಕ್ಕು ನುಸುಳುವಷ್ಟೂ ಜಾಗ ಉಳಿಯಲಿಲ್ಲ. ಕೂಗವ್ವ ಬೊಂಬು ಎಳೆದು ಬದಿಗೆಸೆದು, ಅಕ್ಷರ ತುಳಿಯದಂತೆ ಕಲ್ಲು ದಾಟಿ, ಒಳಬದಿಗೆ ನೆಲದ ಮೇಲೆ ಕೂತಳು. ಉಳಿದವರೂ ಒಬ್ಬೊಬ್ಬರಾಗಿ ಅವಳ ಪಕ್ಕ ಕೂತರು. ಕೊನೆಗೆ ಮೊಂಡ ಉಳಿಯಣ್ಣನ ಹೆಗಲು ಹಿಡಿದು ಕುಂಟಿಕೊಂಡು ಬಂದ. ಅಕ್ಷರಗಳ ಮುಂದೆ ಇಬ್ಬರೂ ಒಂದು ಗಳಿಗೆ ನಿಂತರು. ಆಮೇಲೆ ಒಳಗಿದ್ದವರು ಕೈಚಾಚಿ, ಅಕ್ಷರಕ್ಕೆ ಕಾಲು ತಾಗದ ಹಾಗೆ ಅವರನ್ನು ಎತ್ತಿಕೊಂಡರು.

"ಎತ್ರೋ! ಸೂಳೆಮಕ್ಕಳಾ, ಎತ್ರೋ ಅದನ್ನ!" ಸಾಹೇಬರ ದನಿ ಒಡೆದಿತ್ತು. "ಮೇಸ್ತ್ರಿ, ಹೇಳೋ ಇವರಿಗೆ!"

ಮೇಸ್ತ್ರಿ ಹೊರಗೇ ನಿಂತು ಒಮ್ಮೆ ಸಾಹೇಬರನ್ನೂ ಒಮ್ಮೆ ಕಲ್ಲನ್ನೂ ನೋಡಿದ. "ಅವರು ಕೂಗದೆ ಎತ್ತಲ್ಲ ಸಾರ್," ಅಂದ.

ಬೀದಿಯಲ್ಲಿ ಕಾರಿನ ಸದ್ದು ಕೇಳಿತು. ಪೇದೆ ಸೆಟೆದು ಸಲಾಮು ಹೊಡೆದ. ಉದ್ದನೆಯ ಬಿಳಿ ಕಾರು ಕಮಾನಿನ ಮುಂದೆ ಬಂದು ನಿಂತಿತು. ಹಿಂದಿನ ಬಾಗಿಲು ತೆರೆದು ದೊಡ್ಡ ಸಾಹೇಬರು ಇಳಿದರು. ಅವರ ಹಿಂದೆ ಗುರುಗಳು. ಇಬ್ಬರೂ ನಗುಮುಖದಿಂದಲೇ ಬಂದು, ಕಲ್ಲಿನ ಆಚೆಬದಿಗೆ ನಿಂತರು. ಅಂಗಳಕ್ಕೆ ಹೋಗಲು ಬೇರೆ ದಾರಿ ಇರಲಿಲ್ಲ.

ದೊಡ್ಡ ಸಾಹೇಬರು ಕೆಳಗೆ ನೋಡಿದರು. ಅವರ ತುಟಿಗಳು ಅಲುಗಿದವು. ಓದಿದರೋ ಏನೋ. ಮತ್ತೆ ಪಂಚೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಹೊಳೆಯುವ ಬಲಗಾಲ ಚಪ್ಪಲಿಯನ್ನು ಅಕ್ಷರಗಳ ಮೇಲಕ್ಕೆ ತಂದರು.

ಕೂಗವ್ವ ಉಸಿರು ಎಳೆದುಕೊಂಡಳು. ಆ ಸದ್ದಿಗೆ, ಕೂತಿದ್ದವರೆಲ್ಲರ ಎದೆ ತಾನಾಗಿ ಉಬ್ಬಿತು.